ಅಮ್ಮನ ಒಲೆ, ಅನುಜಿನ್‌ಳ ಉಸಿರು

ನಮ್ಮಲ್ಲಿ ಯಾರದಾದರೂ ಕಾಲು ತುಳಿದರೆ ತಕ್ಷಣ ಕೈ ಕುಲುಕಬೇಕು. ಇಲ್ಲದಿದ್ದರೆ ಇಬ್ಬರಿಗೂ ಜಗಳ ತಪ್ಪಿದ್ದಲ್ಲ. ಆ ಬೆಳಿಗ್ಗೆ ಉಲಾನ್‌ಬಾತರ್‌ನ ನಮ್ಮ ಗುಡ್ಡದ ಮೇಲೆ ಕಲ್ಲಿದ್ದಲ ಹೊಗೆ ಎಷ್ಟು ಕವಿದಿತ್ತೆಂದರೆ, ನೀರಿನ ಕ್ಯೂನಲ್ಲಿ ಪಕ್ಕದವರ ಮುಖವೂ ಕಾಣುತ್ತಿರಲಿಲ್ಲ. ಮಾಸ್ಕ್ ಹಾಕಿದ್ದ ಹುಡುಗಿಯೊಬ್ಬಳು ಮಂಜುಗಡ್ಡೆಯ ಮೇಲೆ ಜಾರಿ, ನನ್ನ ಕಾಲನ್ನು ಚೆನ್ನಾಗಿಯೇ ತುಳಿದು, ನನ್ನ ಮುಂದಿದ್ದ ಅಜ್ಜನ ಕೈ ಕುಲುಕಿ ಹೊರಟೇಬಿಟ್ಟಳು. ಅಜ್ಜನಿಗೆ ಪರಮಾನಂದ.

ನಾನು ಕ್ಯಾನು ಬಿಟ್ಟು ಅವಳ ಹಿಂದೆ ಓಡಿದೆ.

"ಏನ್ರೀ, ನೀವು ತುಳಿದಿದ್ದು ನನ್ನ ಕಾಲು."

ಅವಳು ತಿರುಗಿದಳು. ರೆಪ್ಪೆಯ ತುದಿಯಲ್ಲೆಲ್ಲ ಹಿಮ ಕಟ್ಟಿತ್ತು, ಕಣ್ಣು ನಗುತ್ತಿತ್ತು.

"ಮತ್ತೆ ಅಜ್ಜ ಯಾಕೆ ಕೈ ಕೊಟ್ರು?"

"ಚಂದದ ಹುಡುಗಿ ಕೈ ಚಾಚಿದ್ರೆ ಯಾರು ಬೇಡ ಅಂತಾರೆ?"

"ಮಾಸ್ಕ್ ಒಳಗಿನ ಚಂದ ಅಜ್ಜನಿಗೆ ಹೇಗೆ ಕಾಣ್ತು?" ಎನ್ನುತ್ತ ಕೈಗವಸು ತೆಗೆದು ಕೈ ನೀಡಿದಳು. ಅಷ್ಟು ಚಳಿಯಲ್ಲೂ ಆ ಕೈ ಬೆಚ್ಚಗಿತ್ತು. ಬಿಡಲು ನನಗೆ ಮನಸ್ಸಾಗಲಿಲ್ಲ.

ಅವಳು ಅನುಜಿನ್, ಗುಡ್ಡದ ಬುಡದ ಶಿಶುವಿಹಾರದಲ್ಲಿ ಟೀಚರ್. ಕೆಮ್ಮು ಬಂದು ಮನೆಯಲ್ಲೇ ಉಳಿದ ಮಕ್ಕಳನ್ನು ನೋಡಲು ಆಗಾಗ ಮೇಲೆ ಬರುತ್ತಿದ್ದಳು. ಜಾರುವ ದಾರಿಯಲ್ಲಿ ಅವಳನ್ನು ಕೈ ಹಿಡಿದು ಇಳಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಜಾರದ ಕಡೆಯೂ ಹಿಡಿದೇ ಇರುತ್ತೀಯಲ್ಲ ಎಂದು ಛೇಡಿಸುವಳು, ಕೈ ಮಾತ್ರ ಬಿಡಿಸಿಕೊಳ್ಳಳು.

ಮದುವೆಯ ಮಾತೆತ್ತಿದ ದಿನ ಕೈ ಬಿಡಿಸಿಕೊಂಡಳು. ಅವಳಿಗೆ ಅಸ್ತಮಾ. ಕಲ್ಲಿದ್ದಲ ಒಲೆಯಿರುವ ಮನೆ ಅವಳ ಎದೆಗೆ ಆಗಿಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ನೀನೂ ಬೇಕು ತೆಮುಲೆನ್. ಆದ್ರೆ ಉಸಿರೂ ಬೇಕಲ್ಲ."

ನಾನು ಕರೆಂಟ್ ಹೀಟರ್ ತಂದೆ. ಅಮ್ಮ ಅದನ್ನು ಮುಟ್ಟಗೊಡಲಿಲ್ಲ. ಸೊಸೆಯಾಗಿ ಬಂದವಳು ತನ್ನ ಕೈಯಾರೆ ಒಲೆ ಹಚ್ಚಬೇಕು, ಆಗಲೇ ಅವಳು ಮನೆಯವಳು, ಗೋಡೆಗೆ ತಂತಿ ಚುಚ್ಚಿದರೆ ಸಂಸಾರವಾಗುತ್ತದೆಯೇ ಎಂದು ರೇಗಿದಳು. ನಮ್ಮದು ಕಂಬಳಿ ಹೊದಿಸಿದ ದುಂಡು ಮನೆ, ಗೆರ್. ಅಮ್ಮ ಮದುವೆಯಾಗಿ ಬಂದಾಗಿನಿಂದ ಚಳಿಗಾಲದಲ್ಲಿ ಅದರ ಒಲೆ ಒಮ್ಮೆಯೂ ತಣ್ಣಗಾಗಿರಲಿಲ್ಲ. ಅನುಜಿನ್‌ಳ ಎದೆಯ ವಿಷಯ ಎಷ್ಟು ಹೇಳಿದರೂ ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ.

ಹೊಸ ವರ್ಷಕ್ಕೆ ಅಮ್ಮನಿಗೆ ನಮಸ್ಕರಿಸಿ, ಈ ಮದುವೆ ಆಗುವುದಿಲ್ಲವೆಂದು ತಾನೇ ಹೇಳಿ ಹೋಗುವುದಾಗಿ ಅನುಜಿನ್ ಹಟ ಹಿಡಿದಳು. ಆ ದಿನ ಗಾಳಿಯೇ ಇರಲಿಲ್ಲ. ಹೊಗೆ ಗುಡ್ಡ ಬಿಟ್ಟು ಕದಲಿರಲಿಲ್ಲ. ಅರ್ಧ ದಾರಿಗೇ ಅವಳ ಎದೆ ಸುಯ್‌ಗುಟ್ಟತೊಡಗಿತು. ಅಂತೂ ಅಂಗಳ ತಲುಪಿದೆವು. ನಮ್ಮ ಹೊಗೆಕೊಳವೆಯಿಂದ ಮಾತ್ರ ಹೊಗೆ ಬರುತ್ತಿರಲಿಲ್ಲ. ಒಲೆಯ ವಿಷಗಾಳಿ ಕುಡಿದು ನಿದ್ದೆಯಲ್ಲೇ ಹೋದವರು ನಮ್ಮ ಬೀದಿಯಲ್ಲೂ ಇದ್ದರು.

ಒಳಗೆ ನುಗ್ಗಿದೆ. ಅಮ್ಮ ತುಪ್ಪಳದ ಟೋಪಿ ಹಾಕಿ, ಇದ್ದಬದ್ದ ಕಂಬಳಿಯನ್ನೆಲ್ಲ ಹೊದ್ದು, ಹಲ್ಲು ಕಟಕಟಿಸುತ್ತ ಕೂತಿದ್ದಳು. ಒಲೆ ತಣ್ಣಗಿತ್ತು. ಪಾತ್ರೆಯ ನೀರು ಹೆಪ್ಪುಗಟ್ಟಿತ್ತು.

"ಬೆಳಿಗ್ಗೆ ನೀನು ಹೋದಾಗಿಂದ ಕಲ್ಲಿದ್ಲು ಹಾಕ್ಲಿಲ್ಲ. ಈ ಮಗು ಇಲ್ಲಾದ್ರೂ ಸರಿಯಾಗಿ ಉಸಿರಾಡ್ಲಿ ಅಂತ," ಎಂದಳು. "ಬೇಗ ನಮಸ್ಕಾರ ಮಾಡಮ್ಮ, ಚಳಿ ತಡೆಯೋಕಾಗ್ತಿಲ್ಲ."

ಹೇಳಬೇಕೆಂದು ತಂದಿದ್ದ ಮಾತನ್ನು ಅನುಜಿನ್ ಹಾಗೇ ಬದಿಗಿಟ್ಟಳು. ನಮ್ಮ ಹೊಸ ವರ್ಷದ ಪದ್ಧತಿಯಂತೆ ಅಮ್ಮನ ಮೊಣಕೈಗಳಿಗೆ ಕೈ ಆಸರೆ ಕೊಟ್ಟು ನಮಸ್ಕರಿಸಿದಳು. ಅಮ್ಮನ ತೋಳು ಗಡಗಡ ನಡುಗುತ್ತಿತ್ತು. ಅನುಜಿನ್ ಮಾಸ್ಕನ್ನು ಬಿಗಿಮಾಡಿಕೊಂಡು ಒಲೆಯ ಮುಂದೆ ಮಂಡಿಯೂರಿದಳು. ಬೇಡವೆಂದು ನಾನು ತಡೆದರೆ ಕೈ ತಳ್ಳಿದಳು. ಚಕ್ಕೆ ಜೋಡಿಸಿ, ಕಡ್ಡಿ ಗೀರಿದಳು.

ಬೆಂಕಿ ಹತ್ತಿಕೊಂಡಿತು. ಅಮ್ಮ ಟೋಪಿ ತೆಗೆದು ಕಣ್ಣೊರೆಸಿಕೊಂಡಳು.

"ಒಂದ್ಸಲ ಹಚ್ಚಿದೆಯಲ್ಲ, ನನಗಷ್ಟೇ ಸಾಕು. ನಾಳೆಯಿಂದ ಕರೆಂಟೇ ಇರ್ಲಿ."

ಅನುಜಿನ್ ಕೆಮ್ಮುತ್ತಲೇ ನಕ್ಕು, ಫ್ಲಾಸ್ಕಿನಿಂದ ಹಾಲಿನ ಚಹಾ ಬಗ್ಗಿಸಿ ಎರಡೂ ಕೈಯಲ್ಲಿ ಅಮ್ಮನ ಮುಂದೆ ಹಿಡಿದಳು.

"ಕುಡೀರಿ ಅತ್ತೆ," ಎಂದಳು.