ಕೈ ಬಿಡಿ ಎಂದವನು

ಮೈಕಿನ ಮುಂದೆ ನಿಂತವರು ಮಾತು ಶುರು ಮಾಡುವ ಮೊದಲು ಅದನ್ನು ಬೆರಳಿನಿಂದ ತಟ್ಟಬೇಕೋ ಬಾಯಿಂದ ಊದಬೇಕೋ ಎಂಬುದು ಸಾರ್ವಜನಿಕ ಜೀವನದ ಅತ್ಯಂತ ಗಂಭೀರ ಪ್ರಶ್ನೆ. ಎಷ್ಟೋ ಸರ್ಕಾರಗಳು ಬಂದು ಹೋದವು. ಇದೊಂದು ಮಾತ್ರ ಇತ್ಯರ್ಥವಾಗಲಿಲ್ಲ.

ನಗರಸಭೆ ಚುನಾವಣೆಗೆ ನಿಂತಿದ್ದ ಆ ನರ್ಸ್ ತನ್ನ ಮೊದಲ ಭಾಷಣದ ಸಂಜೆ ಈ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. ಸಿರಿಂಜಿನ ಗಾಳಿಗುಳ್ಳೆ ಓಡಿಸುವ ಅಭ್ಯಾಸಬಲದಿಂದ ನಡುಬೆರಳು ಮಡಿಸಿ ಮೈಕಿಗೆ ಟಕ್ ಟಕ್ ಎಂದು ಎರಡು ಬಿಟ್ಟಳು.

ಕೀಂ...!

ಮುಂದಿನ ಸಾಲಿನವರೆಲ್ಲ ಕಿವಿ ಮುಚ್ಚಿಕೊಂಡರು. ವೇದಿಕೆಯ ಕೆಳಗಿನಿಂದ ಕೆದರಿದ ಕೂದಲಿನ ತಲೆಯೊಂದು ಎದ್ದಿತು.

"ಅದು ಮೈಕು ಸಿಸ್ಟರ್! ಇಂಜೆಕ್ಷನ್ ಅಲ್ಲ!"

"ಕೇಳ್ಸುತ್ತೋ ಇಲ್ವೋ ಗೊತ್ತಾಗೋದು ಹೇಗೆ ಮತ್ತೆ?"

"ನನಗೆ ಕೇಳ್ಸುತ್ತೆ. ಸಾಲ್ದಾ?"

ಈ ಸಂಭಾಷಣೆಯಷ್ಟೂ ಮೈಕಿನಲ್ಲೇ ಹೋಯಿತು. ಮೈದಾನ ಗೊಳ್ಳೆಂದು ನಕ್ಕಿತು. ಅವಳ ಕಿವಿ ಕೆಂಪಾದವು. 'ಯಾರಿವನು ಅಧಿಕಪ್ರಸಂಗಿ...' ಎಂದು ಕೆಳಗೆ ನೋಡಿದರೆ, ಮೈಕ್‌ನವನು ನಗುತ್ತಿರಲಿಲ್ಲ. ತಲೆ ಓರೆ ಮಾಡಿ, ಅವಳ ಉಸಿರನ್ನೂ ಅಳೆಯುವವನಂತೆ ಗುಂಡಿ ತಿರುಗಿಸುತ್ತ ಕಾಯುತ್ತಿದ್ದ. ಇಷ್ಟು ಏಕಾಗ್ರತೆಯಿಂದ ತನ್ನ ಮಾತಿಗೆ ಯಾರೂ ಕಾದದ್ದು ಅವಳಿಗೆ ನೆನಪಿರಲಿಲ್ಲ.

ಮಾತಾಡಿದಳು.

"ಇಷ್ಟು ವರ್ಷ ಆಸ್ಪತ್ರೆ ವಾರ್ಡ್ ನೋಡ್ಕೊಂಡಿದೀನಿ. ಈಗ ಈ ವಾರ್ಡು ಕೊಡಿ. ಮೊದಲನೇ ಕೆಲಸ, ಕುಡಿಯೋ ನೀರಿನ ಪೈಪು. ನನ್ನ ಹತ್ರ ಕಣ್ಣು ಹಳದಿ ಆಗಿ ಬರೋರೆಲ್ಲ ಚರಂಡಿ ಪಕ್ಕದ ಬೀದಿಯೋರೇ. ಅಲ್ಲಿ ಪೈಪು ಒಡೆದು ಚರಂಡಿ ನೀರು ಕುಡೀತಿದೆ. ಆಮೇಲೆ ಹೆರಿಗೆ ವಾರ್ಡಿಗೆ ರಾತ್ರಿಪಾಳಿಗೆ ಇನ್ನೊಬ್ಬ ನರ್ಸು. ಆಮೇಲೆ, ಹೆಂಗಸರ ಶೌಚಾಲಯಕ್ಕೆ ಒಳಗಡೆ ಚಿಲಕ!"

"ಚಿಲಕಕ್ಕೆ ಯಾರೇ ಓಟು ಹಾಕ್ತಾರೆ?" ಎಂದಳು ಅಮ್ಮ, ಮನೆಗೆ ಹೋಗುವ ದಾರಿಯಲ್ಲಿ.

"ಚಿಲಕ ಇಲ್ದಿರೋರು ಹಾಕ್ತಾರಮ್ಮ."

ಅಮ್ಮ ನಕ್ಕಳು. ಆದರೆ ಮಗಳ ಮನಸ್ಸು ಅಲ್ಲಿರಲಿಲ್ಲ. ಭಾಷಣದ ಹೊತ್ತಿನಲ್ಲಿ ಮೈದಾನದ ಹಿಂದೆ ಒಬ್ಬ ನಿಂತಿದ್ದ. ಏಲಕ್ಕಿ ಜಗಿಯುತ್ತಿದ್ದ. ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ. ಅವಳು 'ಪೈಪು' ಎಂದಾಗ ಮಾತ್ರ ಜಗಿಯುವುದನ್ನು ನಿಲ್ಲಿಸಿದ್ದ.

ಆ ಊರಿನಲ್ಲಿ ಒಳ್ಳೆಯ ನೀರು ಬರುತ್ತಿದ್ದದ್ದು ಟ್ಯಾಂಕರುಗಳಲ್ಲಿ. ಟ್ಯಾಂಕರುಗಳೆಲ್ಲ ಎದುರಾಳಿ ಅಭ್ಯರ್ಥಿಯವು. ಅವನನ್ನು ಜನ ಟ್ಯಾಂಕರ್ ಯಜಮಾನ ಎನ್ನುತ್ತಿದ್ದರು. ಪೈಪು ಸರಿಯಾದರೆ ಅವನ ಯಜಮಾನಿಕೆ ಬತ್ತುತ್ತದೆ ಎಂಬುದು ಹಸುಳೆಗೂ ಗೊತ್ತಿತ್ತು.

ಸಭೆಯಿಂದ ಸಭೆಗೆ ಮೈಕ್‌ನವನೂ ಅವಳೂ ಹತ್ತಿರವಾದರು. ಕಂಬದಿಂದ ಎಷ್ಟು ದೂರ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಅವನು ಹೇಳಿಕೊಟ್ಟ. ಮೊದಮೊದಲು ಊರಿನವರಂತೆ ಅವನೂ 'ಸಿಸ್ಟರ್' ಎನ್ನುತ್ತಿದ್ದ. ಒಂದು ದಿನ ಯಾಕೋ ಆ ಪದ ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ಅಂದಿನಿಂದ ಬರೀ 'ರೀ'.

"ಊರಿಗೆಲ್ಲ ಸಿಸ್ಟರ್ ನಾನು. ನಿಮಗೇನಾಯ್ತು?" ಎಂದು ಕೆಣಕಿದಳು.

"ಊರಿನ ವಿಷಯ ಊರಿಗೆ," ಎಂದು ವೈರು ಸುತ್ತತೊಡಗಿದ. ಅದಾಗಲೇ ಸುತ್ತಿಟ್ಟ ವೈರು! ಬಿಚ್ಚಿ ಮತ್ತೆ ಸುತ್ತಿದ.

ಮರುವಾರ ಏಲಕ್ಕಿಯವನು ಆಸ್ಪತ್ರೆಗೇ ಬಂದ. ವಾರ್ಡಿನ ಹೊರಗೆ, ರೋಗಿಗಳ ಕಡೆಯವರು ಕೂರುವ ಬೆಂಚಿನಲ್ಲಿ ಕೂತ.

"ಯಾರನ್ನ ನೋಡೋಕೆ ಬಂದ್ರಿ?" ಕೇಳಿದಳು.

"ಸುಮ್ನೆ. ನಿಮ್ಮ ಕೆಲಸ ನೋಡೋಣ ಅಂತ." ದನಿ ಬೆಣ್ಣೆಯಂತಿತ್ತು. "ನಿಮ್ಮ ಅಮ್ಮ ಬೆಳಗ್ಗೆ ಹಾಲಿಗೆ ಒಬ್ರೇ ಹೋಗ್ತಾರಲ್ಲ. ರಸ್ತೆ ದಾಟೋವಾಗ ಆಕಡೆ ಈಕಡೆ ನೋಡಲ್ಲ ಪಾಪ. ನಮ್ಮ ಯಜಮಾನ್ರ ಟ್ಯಾಂಕರ್‌ಗಳು ಬೇರೆ ಆ ದಾರೀಲೇ ಓಡಾಡುತ್ತೆ... ಸ್ವಲ್ಪ ಹೇಳಿ ಅವ್ರಿಗೆ."

ಅಂದಿನಿಂದ ಹಾಲು ತರುವ ಕೆಲಸ ಮಗಳದ್ದಾಯಿತು. ಯಾಕೆಂದು ಅಮ್ಮನಿಗೆ ಹೇಳಲಿಲ್ಲ. ಹಿಂದೆ ದೊಡ್ಡ ಗಾಡಿಯ ಸದ್ದಾದರೆ ಸಾಕು, ರಸ್ತೆ ಬಿಟ್ಟು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು.

ಕೊನೆಯ ಸಭೆಯ ದಿನ ಬೆಳಗ್ಗೆ, ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದಾಗ ಅವಳು ಅದನ್ನು ಕಂಡಳು. ಟ್ಯಾಂಕರ್ ಯಜಮಾನನ ಅಂಗಳದಲ್ಲಿ ಧ್ವನಿವರ್ಧಕ ಕಟ್ಟುತ್ತಿದ್ದವನು... ಅವನೇ! ಅವಳ ಮೈಕ್‌ನವನೇ!

ಅವಳನ್ನು ನೋಡಿ ಏಣಿಯಿಂದ ಇಳಿದು ಓಡಿಬಂದ. ಮುಖದಲ್ಲಿ ಬಣ್ಣವಿರಲಿಲ್ಲ.

"ರೀ, ಒಂದು ಮಾತು. ಇವತ್ತಿನ ಸಭೆ, ಈ ಚುನಾವಣೆ, ಎಲ್ಲಾ ಕೈ ಬಿಡಿ."

"ಏನಂದ್ರಿ?"

"ಕೈ ಬಿಡಿ ಅಂದೆ. ಒಳಗೆ ಏನೋ ಮಾತಾಡ್ತಿದ್ರು. ಪೂರ್ತಿ ಕೇಳಿಸ್ಲಿಲ್ಲ, ಆದ್ರೆ..."

"ನಿಮಗೆ ಎಲ್ಲಾ ಕೇಳ್ಸುತ್ತಲ್ಲ! ಇದೊಂದು ಕೇಳಿಸ್ಲಿಲ್ವಾ? ಹೊಸ ಯಜಮಾನರು ಹೇಳಿ ಕಳ್ಸಿದ್ರಾ?"

"ಬಾಡಿಗೆ ಕರೆದ್ರು, ಬಂದೆ. ಅಷ್ಟೇ ರೀ. ನನ್ನ ಮಾತು..."

ಅವಳು ನಿಲ್ಲಲಿಲ್ಲ. ಹಾಲು ದಾರಿಯುದ್ದಕ್ಕೂ ತುಳುಕಿತು. 'ಊರೆಲ್ಲ ಹೆದರಿಸಿದರೂ ಬಗ್ಗಲಿಲ್ಲ ನಾನು... ಇವನು ಹೇಳಿದ ಒಂದು ಮಾತು ಯಾಕೆ ಹೀಗೆ ಚುಚ್ಚುತ್ತಿದೆ?'

ಆದರೂ ಸಂಜೆ ವೇದಿಕೆ ಹತ್ತಿದಳು. ಅವನೂ ಬಂದಿದ್ದ. ಕೆಳಗೆ ತಂತಿಗಳ ನಡುವೆ ಏನನ್ನೋ ಹುಡುಕುತ್ತಿದ್ದ. ಅವಳು ಅತ್ತ ನೋಡಲಿಲ್ಲ. ಗಾಳಿ ನಿಂತಿತ್ತು. ಜನ ಬೇಕಾದಷ್ಟಿದ್ದರು, ಗದ್ದಲ ಮಾತ್ರ ಇರಲಿಲ್ಲ. ವೇದಿಕೆಯ ಹಿಂದಿನ ಪರದೆ ಒಮ್ಮೆ ಅಲುಗಿತು.

"ಚರಂಡಿ ಬೀದಿಯ ಪೈಪು ಯಾಕೆ ರಿಪೇರಿ ಆಗಲ್ಲ ಅಂತ ಇವತ್ತು ಹೇಳ್ತೀನಿ!" ಎನ್ನುತ್ತ ಆವೇಶದಲ್ಲಿ ಮೈಕಿನ ಕಬ್ಬಿಣದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೈ ಬಿಡಿ!" ಕೆಳಗಿನಿಂದ ಚೀರಿದ ದನಿ. "ಕೈ ಬಿಡಿ ರೀ! ಕೈ ಬಿಡಿ!"

ಬೆಳಗಿನದೇ ಮಾತು! ಅದೂ ಇಷ್ಟು ಜನರ ಮುಂದೆ!

ಅವಳು ಬಾಯಿ ತೆರೆಯುವಷ್ಟರಲ್ಲಿ ಫಟ್ ಎಂದಿತು. ದೀಪ ಹೋಯಿತು, ಮೈಕ್ ಸತ್ತಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಬ್ಬಿನಲ್ಲಿ ಜನ ಚದುರಿದರು. ಹೇಳಬೇಕಾದ ಮಾತು ಅವಳ ಎದೆಯಲ್ಲೇ ಉಳಿಯಿತು.

"ಅವ್ನೇ ಆಫ್ ಮಾಡಿದ್ದಮ್ಮ... ನನ್ನ ಕಣ್ಣೆದುರೇ ಮಾರಿಹೋದ..." ಎಂದು ಅಮ್ಮನ ಮಡಿಲಲ್ಲಿ ಅತ್ತಳು.

"ಮೈಕ್ ಆಫ್ ಆದದ್ದಕ್ಕೆ ಇಷ್ಟು ಅಳ್ತಾರಾ ಯಾರಾದ್ರೂ?" ಎಂದು ಅಮ್ಮ ತಲೆ ನೇವರಿಸಿದಳು. ಅಮ್ಮಂದಿರ ಪ್ರಶ್ನೆಗಳೇ ಹಾಗೆ. ಉತ್ತರ ಗೊತ್ತಿದ್ದೇ ಕೇಳುತ್ತಾರೆ.

ಮರುದಿನ ಡ್ರೆಸ್ಸಿಂಗ್ ಕೋಣೆಯಲ್ಲಿ ಅವಳ ಮೇಜಿನ ಮುಂದೆ ಅವನು ಕೂತಿದ್ದ. ಬಲಗೈಗೆ ಟವೆಲ್ ಸುತ್ತಿತ್ತು.

"ಬೇರೆ ನರ್ಸ್ ಇಲ್ವಾ?" ಅವನೇ ಕೇಳಿದ.

"ಇಲ್ಲ. ಅದಕ್ಕೇ ಚುನಾವಣೆಗೆ ನಿಂತದ್ದು. ಏನಾಯ್ತು?"

"ಬಿಸಿ ಪಾತ್ರೆ ಮುಟ್ಟಿದೆ."

ಟವೆಲ್ ಬಿಚ್ಚಿದಳು. ಅವಳ ಬೆರಳು ನಿಂತವು. ಬಿಸಿ ಪಾತ್ರೆ ಮುಟ್ಟಿದರೆ ಕೈಯಗಲ ಕೆಂಪಾಗುತ್ತದೆ, ಬೊಬ್ಬೆ ಏಳುತ್ತದೆ. ಇಲ್ಲಿ ಅಂಗೈ ನಡುವೆ ಬೂದಿಬಣ್ಣದ ಒಣ ಕುಳಿ, ಅಂಚು ಕಪ್ಪು.

"ಕರೆಂಟು ಒಳಗೆ ಹೋಗಿದ್ದು ಇಲ್ಲಿ," ಎಂದಳು ಮೆಲ್ಲಗೆ. "ಚಪ್ಪಲಿ ಬಿಚ್ಚಿ."

"ರೀ, ಬೇಡ..."

"ಬಿಚ್ಚಿ!"

ಹಿಮ್ಮಡಿಯಲ್ಲಿ ಅಂಥದೇ ಇನ್ನೊಂದು ಗಾಯ. ಹೊರಗೆ ಹೋದ ದಾರಿ. ಈ ದಾರಿಯ ನಡುವೆ ಒಂದು ಹೃದಯವಿತ್ತು.

"ಯಾರೋ ಮೈಕಿನ ಕಂಬಕ್ಕೆ ಹೊಸ ವೈರು ಕಟ್ಟಿದ್ರು," ಎಂದ ಅವನು, ನೆಲ ನೋಡುತ್ತ. "ಅದರ ಇನ್ನೊಂದು ತುದಿ ಪರದೆ ಹಿಂದೆ ಹೋಗಿತ್ತು. ಅಲ್ಲೊಂದು ಕೈ ಪ್ಲಗ್ ಹಿಡ್ಕೊಂಡು ಕಾಯ್ತಿತ್ತು. ನೀವು ಕಂಬ ಹಿಡಿದ್ರಿ, ಅದು ಚುಚ್ಚೋಕೆ ಹೋಯ್ತು. ವೈರು ಕಿತ್ತೆ. ಕಂಬದಿಂದ ಕಿತ್ತ ತುದಿ ನನ್ನ ಕೈಲಿರೋವಾಗ್ಲೇ ಕರೆಂಟು ಬಂತು, ಫ್ಯೂಸು ಹೋಯ್ತು."

"ಹಾಗಾದ್ರೆ ಕೈ ಬಿಡಿ ಅಂದದ್ದು..."

"ಕಂಬದಿಂದ ಕೈ ಬಿಡಿ ಅಂದೆ!"

"ಬೆಳಗ್ಗೆ?"

"ಬೆಳಗ್ಗೆ ಅಂದದ್ದು ಚುನಾವಣೆ."

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. "ದಿನಾ ಮಾತಿನ ಮಧ್ಯೆ ಇರೋ ಮನುಷ್ಯ... ಬೇರೆ ಪದ ಸಿಗ್ಲಿಲ್ವಾ ನಿಮಗೆ? ನಿನ್ನೆ ಸಂಜೆನೇ ಯಾಕೆ ಬಂದು ಹೇಳ್ಲಿಲ್ಲ?"

"ಹೇಳಿದ್ರೆ ಹೆದರ್ತೀರಿ ಅಂತಲ್ಲ. ಹೆದರ್ದೆ ಇನ್ನೂ ಜೋರಾಗಿ ಮಾತಾಡ್ತೀರಿ ಅಂತ. ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಮನೇಲಿ ಕೂತ್ರೂ ಸಾಕು ಅನ್ನಿಸ್ತು... ಬದುಕಿರ್ತೀರಲ್ಲ."

ಅವಳ ಕಣ್ಣೀರು ಅವನ ಮಣಿಕಟ್ಟಿನ ಮೇಲೆ ಬಿತ್ತು. ಅದನ್ನು ಹತ್ತಿಯಿಂದ ಒರೆಸಿ, ಅಲ್ಲೇ ನಾಡಿ ಹಿಡಿದಳು.

"ಯಾಕಿಷ್ಟು ಓಡ್ತಿದೆ?"

"ಕರೆಂಟು ಹೊಡೀತಲ್ಲ..."

"ಅದು ನಿನ್ನೆ."

"ಹೌದು. ಇದು ಇವತ್ತಿಂದು."

ಅವಳು ಬ್ಯಾಂಡೇಜು ಸುತ್ತಿದಳು. ಅಗತ್ಯಕ್ಕಿಂತ ಬಹಳ ನಿಧಾನವಾಗಿ. ಹೊರಗೆ ಬೆಂಚಿನ ಕಡೆಯಿಂದ ಏಲಕ್ಕಿಯ ವಾಸನೆ ತೇಲಿಬಂತು. ಇಬ್ಬರಿಗೂ ಅದು ತಿಳಿಯಿತು. ಅವಳು ಎದ್ದು ಹೋಗಿ ಬಾಗಿಲು ಮುಚ್ಚಲಿಲ್ಲ, ಪೂರ್ತಿ ತೆರೆದಳು.

"ಮೊದಲು ಪೊಲೀಸ್ ಠಾಣೆ," ಎಂದಳು, ಆಚೆಗೆ ಕೇಳುವಂತೆ. "ಆಮೇಲೆ ಚರಂಡಿ ಬೀದಿ. ಮನೆ ಮನೆಗೆ ಹೋಗಿ ಹೇಳ್ತೀನಿ."

"ನಾನೂ ಬರ್ತೀನಿ. ಮೈಕ್ ಇಲ್ದಿದ್ರೆ ನಾನು ಯಾವ ಕೆಲಸಕ್ಕೂ ಬರಲ್ಲ, ಆದ್ರೂ ಬರ್ತೀನಿ." ಅವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ರೀ... ಗೆದ್ರೆ ನನ್ನ ಮದುವೆ ಆಗ್ತೀರಾ?"

"ಗೆದ್ರೆ ತುಂಬಾ ಕೆಲಸ ಇರುತ್ತೆ. ಪೈಪು, ನರ್ಸು, ಚಿಲಕ..."

"ಸೋತ್ರೆ?"

"ಸೋತ್ರೆ ಬೇಗ ಆಗ್ಬಹುದು."

"ಅಯ್ಯೋ! ಈಗ ನಾನು ಯಾರಿಗೆ ಓಟು ಹಾಕ್ಲಿ?"

"ನನಗೇ ಹಾಕಿ," ಎಂದು ಅವನ ಒಳ್ಳೆಯ ಕೈಯನ್ನು ತನ್ನೆರಡೂ ಕೈಗಳಲ್ಲಿ ತೆಗೆದುಕೊಂಡಳು. "ತಡ ಆದ್ರೂ ಆಗ್ತೀನಿ."

ಅವಳು ಗೆದ್ದಳು. ಮದುವೆ ತಡವಾಗಿಯೇ ಆಯಿತು. ಆ ಸಂಜೆ ಪ್ಲಗ್ ಚುಚ್ಚಿದ ಕೈ ಯಾರದೆಂದು ಪೊಲೀಸರಿಗೆ ತಿಳಿಯಲಿಲ್ಲ.