ಕುಟುಂಬ ಒಂದೇ, ಕುಲ ಬೇರೆ

ಅವಳು ಬಾಗಿಲು ದೂಡಿದ ರಭಸಕ್ಕೆ, ಮ್ಯೂಸಿಯಂನಲ್ಲಿ ಹೊಟ್ಟು ತುಂಬಿ ನಿಲ್ಲಿಸಿದ್ದ ತೋಳಕ್ಕೆ ಜೀವ ಬಂದು, ಅದು ಬಾಲ ಮುದುರಿಕೊಂಡು ಮೂರು ಊರು ದಾಟಿ ಓಡಿಹೋಯಿತು. ನಂಬಿ!

"ಎಲ್ರೀ ಆ ಬೊಂಬೆ ಡಾಕ್ಟ್ರು?"

ಸತ್ತ ಪ್ರಾಣಿಗಳ ಹರಿದ ತೊಗಲು ಹೊಲಿಯುವವನಿಗೆ ಅಲ್ಲಿ ಆ ಹೆಸರು. ಅವುಗಳ ಪಕ್ಕದ ಫಲಕ ಬರೆಯುವ ಇವಳು ಬೋರ್ಡಮ್ಮ.

ಸೀಳುನಾಯಿಯ ಬಾಯಿಗೆ ಬೆರಳಿಟ್ಟಿದ್ದವನು ತಲೆ ಎತ್ತಲಿಲ್ಲ. "ಇಲ್ಲೇ ಇದ್ದೀನಿ. ಕಚ್ಚೋಕೆ ಬಂದಿದ್ರೆ ಇವುಗಳ ಹಿಂದೆ ಸಾಲಲ್ಲಿ ನಿಂತ್ಕೊಳ್ಳಿ, ಬೋರ್ಡಮ್ಮ."

"ನನ್ನ ಫಲಕ ಕಿತ್ತಿದ್ದು ನೀವೇನಾ?"

"ನಾನೇ. ತೋಳಕ್ಕೆ 'ಸದ್ಯಕ್ಕೆ ಆತಂಕವಿಲ್ಲ' ಅಂತ ಬರೆದಿದ್ದು ಸರಿ. ಲೋಕದಲ್ಲಿ ಇನ್ನೂ ಬೇಕಾದಷ್ಟಿವೆ. ಸೀಳುನಾಯಿಗೂ ಅದನ್ನೇ ಬರೆಯೋದಾ? ಇದು ಅಳಿವಿನಂಚಲ್ಲಿದೆ ರೀ! ಬರೆಯುವಾಗ ತಲೆ ಎಲ್ಲಿತ್ತು?"

ಎಲ್ಲಿತ್ತು?... ಇವನ ಹತ್ತಿರವೇ ಇತ್ತು, ಹಾಳಾದ್ದು!

ಇವಳ ಚಿಕ್ಕಮ್ಮ ಫೋನು ಮಾಡಿ ಅವನ ಬಳಿ ಇವರಿಬ್ಬರ ಸಂಬಂಧದ ಮಾತೆತ್ತಿದ್ದಳು. 'ಯೋಚಿಸಿ ಹೇಳ್ತೀನಿ' ಎಂದಿದ್ದ. ಮರುದಿನವೇ ಮ್ಯೂಸಿಯಂ ಸಾಹೇಬರ ಕೋಣೆಯಿಂದ ಅವನ ದನಿ ಇವಳ ಕಿವಿಗೆ ಬಿದ್ದಿತ್ತು: "ಕುಲವೇ ಬೇರೆ ಸಾರ್. ಜೊತೆ ಮಾಡೋ ಮಾತೇ ಇಲ್ಲ!"

ಅಂದಿನಿಂದ ಇವಳ ಎದೆಯಲ್ಲಿ ಕೆಂಡ.

"ನಾಳೆಯಿಂದ ನಾನು ಬರಲ್ಲ. ಬೇರೆ ಊರಲ್ಲಿ ಕೆಲಸ ನೋಡ್ಕೊಂಡಿದ್ದೀನಿ. ನಿಮ್ಮ ಮುಖ ನೋಡೋಕೆ ಅಸಹ್ಯ!"

ಅವನ ಬೆರಳು ನಿಂತಿತು. "ನಾನೇನು ಮಾಡಿದೆ?"

"ಕುಲ ಬೇರೆ ಅಂದ್ರಲ್ಲ! ಅದನ್ನ ನನ್ನ ಮುಖಕ್ಕೇ ಹೇಳೋ ಧೈರ್ಯ ಇರ್ಲಿಲ್ವಾ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಅವಳ ಕೈ ಹಿಡಿದು ತೋಳದ ಮುಂದೆ ನಿಲ್ಲಿಸಿದ.

"ಬಿಡ್ರೀ ಕೈ!"

"ಬಿಡ್ತೀನಿ. ಮೊದ್ಲು ಕೆಳಗಿನ ದವಡೆ ನೋಡಿ, ಈ ಒಂದು ಕಡೆ. ಹಿಂದಿನ ದವಡೆಹಲ್ಲು ಎಷ್ಟಿದೆ?"

"...ಮೂರು."

"ಸೀಳುನಾಯಿಗೆ?"

"ಎರಡು." ಅವಳ ದನಿ ಇಳಿಯಿತು.

"ಅದಕ್ಕೇ ಎರಡೂ ನಾಯಿ ಕುಟುಂಬದವೇ ಆದ್ರೂ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಕುಲ ಬೇರೆ. ಸಾಹೇಬ್ರು ಇವೆರಡಕ್ಕೂ ಒಂದೇ ಗಾಜಿನ ಪೆಟ್ಟಿಗೆ, ಒಂದೇ ಫಲಕ ಸಾಕು ಅಂದ್ರು. ಜೊತೆ ಮಾಡೋಕಾಗಲ್ಲ ಅಂದೆ. ದಿನಾ ಫಲಕದಲ್ಲಿ 'ಕುಲ' ಅಂತ ಬರೆಯೋರು ನೀವು... ನಿಮಗೂ ಹೀಗೆ ಕೇಳಿಸ್ತಾ?"

ಅಯ್ಯೋ! ಭೂಮಿ ಬಾಯಿ ಬಿಡಬಾರದೇ...

"ಮತ್ತೆ... ಚಿಕ್ಕಮ್ಮನಿಗೆ ಯಾಕೆ ಉತ್ತರ ಹೇಳ್ಲಿಲ್ಲ?"

"ನಿಮಗೇ ಹೇಳೋಣ ಅಂತ ಬಂದಾಗೆಲ್ಲ ಹರಿದು ತಿನ್ನೋ ಹಾಗೆ ನೋಡ್ತಿದ್ರಿ. ಸೀಳುನಾಯಿನೇ ವಾಸಿ!"

ಅವಳು ತುಟಿ ಕಚ್ಚಿ ನಗು ತಡೆದಳು. "ಈಗ ಏನಂತ ಹೇಳ್ಲಿ ಚಿಕ್ಕಮ್ಮನಿಗೆ?"

"ಕುಲ ಯಾವುದಾದ್ರೂ ಇರ್ಲಿ... ಕುಟುಂಬ ಒಂದೇ ಆಗ್ಲಿ, ಅಂತ."

"...ಕೈ ಬಿಡ್ತೀನಿ ಅಂದಿದ್ರಿ."

"ಅಂದಿದ್ದೆ."

ಬಿಡಲಿಲ್ಲ.

ಏನಂದಿರಿ? ಓಡಿಹೋದ ತೋಳದ ಹಲ್ಲನ್ನು ಅವಳು ಹೇಗೆ ಎಣಿಸಿದಳು ಅಂತಲೇ? ಸರಿ, ಸಿಕ್ಕಿಬಿದ್ದೆ. ತೋಳ ಎಲ್ಲೂ ಓಡಿರಲಿಲ್ಲ. ಬಾಗಿಲು ತಗುಲಿ ಅದರ ಬಾಲ ಕಳಚಿ ಬಿದ್ದಿತ್ತು, ಅಷ್ಟೇ. ಇಬ್ಬರೂ ಸೇರಿ ಅಂಟಿಸಿದರು. ಇಂದಿಗೂ ಅದು ಸೊಟ್ಟಗಿದೆ. ಅಂಟಿಸುವಾಗ ಇಬ್ಬರ ಕಣ್ಣೂ ಬಾಲದ ಮೇಲಿರಲಿಲ್ಲ.

ಇದು ಮಾತ್ರ ನಿಜ.