ಕಾಲುವೆಯ ಮಣ್ಣು

"ಆ ಖೋಲ್ಯಾಗಿನ ಮಿಶೀನಿಗಿ ಕೈ ಹಚ್ಚಬ್ಯಾಡ ಬೇಟಾ. ನಿನಕಿಂತ ಮುಂಚೆ ಬಂದಿದ್ದ ಹುಡುಗನ ಕಣ್ಣು ಹೋಗ್ಯಾವ."

ಅಂಗಳ ಗುಡಿಸುತ್ತಿದ್ದ ಆಮೀನಾ ಕಸಬರಿಗೆಯನ್ನು ಗೋಡೆಗೆ ಆನಿಸಿ ಹೀಗೆಂದಾಗ ಶಿವರಂಜನಿಗೆ ನಗು ತಡೆಯಲಾಗಲಿಲ್ಲ.

"ಹಗಲೆಲ್ಲಾ ಸ್ಕ್ರೀನ್ ನೋಡಿದ್ರ ಯಾರ ಕಣ್ಣರ ಉಳೀತಾವ ಖಾಲಾ? ನನಗೂ ಚಷ್ಮಾ ಬಂದಾದ ನೋಡು."

"ನಗಬ್ಯಾಡ. ದೇವಾಪುರದ ತಿಮ್ಮವ್ವ ಮಾಟ ಮಾಡಿಸ್ಯಾಳ."

"ಕಂಪ್ಯೂಟರಿಗಿ ಮಾಟ!" ಶಿವರಂಜನಿ ಇನ್ನೂ ಜೋರಾಗಿ ನಕ್ಕಳು. ಮುದುಕಿ ಮತ್ತೆ ಕಸಬರಿಗೆ ಎತ್ತಿಕೊಂಡಳು.

ಯಾದಗಿರಿಯ ಶಿವರಂಜನಿ ಹೈದರಾಬಾದಿನ ಕಂಪನಿಯೊಂದರಲ್ಲಿ ಹಲವು ವರ್ಷ ಸರ್ವರ್‌ಗಳನ್ನು ನೋಡಿಕೊಂಡಿದ್ದವಳು. ಈಗ ಊರಿಗೆ ಮರಳಿ ತಾನೇ ಕೆಲಸ ಹಿಡಿದು ಮಾಡುತ್ತಿದ್ದಳು. ಸುರಪುರದ ಗುಡ್ಡದ ಬುಡದಲ್ಲಿರುವ ಈ ಹಳೆಯ ವಾಡೆಯಿಂದ ಬಸವಲಿಂಗ ಎಂಬಾತ 'ಕೆಂಡಸುದ್ದಿ' ಎಂಬ ವೆಬ್‌ಸೈಟ್ ನಡೆಸುತ್ತಿದ್ದ. ಓದುಗರ ಕಮೆಂಟುಗಳನ್ನು ಇಟ್ಟಿದ್ದ ಡೇಟಾಬೇಸಿನ ಟೇಬಲ್, ಅಂದರೆ ಸಾಲುಸಾಲಾದ ಪಟ್ಟಿ, ಮೇಲಿಂದ ಮೇಲೆ ಕೆಡುತ್ತಿತ್ತು. ರಿಪೇರಿ ಮಾಡಿದರೆ ಅರ್ಧ ದಿನ ನಿಲ್ಲುತ್ತಿತ್ತು, ಮತ್ತೆ ಕೆಡುತ್ತಿತ್ತು. ಅದನ್ನು ಕಾಯಮ್ಮಾಗಿ ಸರಿಪಡಿಸಲು ಅವಳನ್ನು ಕರೆಸಿದ್ದ.

ಬಸವಲಿಂಗ ಪಡಸಾಲೆಯ ಗಾದಿಯ ಮೇಲೆ ಕುಳಿತೇ ಮಾತಾಡಿಸಿದ. ಬಿಳಿ ಅಂಗಿ, ಮೂಗಿಗೆ ರಾಚುವ ಅತ್ತರು.

"ಹಿತ್ತಲ ಖೋಲ್ಯಾಗ ಅದ ಸರ್ವರ್. ನೀವು ನಡೀರಿ. ನನಗ ಆ ತಂಪು ಆಗಿಬರಂಗಿಲ್ಲ."

ಕೋಣೆಗೆ ಕಿಟಕಿ ಇರಲಿಲ್ಲ. ಕೆಳಗೆ ಅಜ್ಜಂದಿರು ಜೋಳ ತುಂಬಿಡುತ್ತಿದ್ದ ಹಗೇವು; ಅದರ ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಸರ್ವರ್ ಇಟ್ಟಿದ್ದರು. ಹೊರಗೆ ಹೆಂಚು ಸೀಳುವ ಬಿಸಿಲಿದ್ದರೂ ಒಳಗೆ ಪಾದ ಜುಮುಗುಡುವ ಚಳಿ. ಕಲ್ಲಿನ ಸಂದಿನಿಂದ ಮುಗ್ಗಿದ ಕಾಳಿನ ವಾಸನೆ ಬರುತ್ತಿತ್ತು. ಅದರೊಳಗೆ ಇನ್ನೊಂದು ವಾಸನೆ. ನಿಂತ ನೀರಿನದು. ಕೊಳೆತ ಜೊಂಡಿನದು.

ಅವಳು ಮೊದಲು ಕರೆಂಟಿನ ಮೇಲೆ ಅನುಮಾನಪಟ್ಟಳು. ಯುಪಿಎಸ್ ಚೆನ್ನಾಗಿತ್ತು. ಡಿಸ್ಕಿನಲ್ಲಿ ಜಾಗವಿತ್ತು, ಮೆಮೊರಿಯಲ್ಲಿ ದೋಷವಿರಲಿಲ್ಲ. ವೈರುಗಳನ್ನು ನೋಡಲು ಸರ್ವರಿನ ಹಿಂದೆ ಕೈ ಹಾಕಿದಾಗ ಬೆರಳಿಗೆ ಏನೋ ತಣ್ಣಗೆ ಅಂಟಿತು. ಎಳೆದು ತೆಗೆದಳು. ಗೇಣುದ್ದದ ಮಣ್ಣಿನ ಗೊಂಬೆ. ಕೊರಳಿಗೆ ಹೆಣ್ಣಿನ ಉದ್ದ ಕೂದಲು ಸುತ್ತಿತ್ತು. ಕಣ್ಣಿರಬೇಕಾದಲ್ಲಿ ಎರಡು ಕುಳಿ. ಮಣ್ಣು ಈಗಷ್ಟೇ ಕಲಸಿದಂತೆ ಹಸಿಯಾಗಿತ್ತು.

"ಇದರಿಂದಲೇ ಶಾರ್ಟ್ ಆಗುತ್ತಿರಬೇಕು," ಎಂದುಕೊಂಡು ಗೊಂಬೆಯನ್ನು ಕಸದ ಬುಟ್ಟಿಗೆ ಎಸೆದು, ಕೈ ಒರೆಸಿ, ಟೇಬಲ್ ರಿಪೇರಿಯ ಆಜ್ಞೆ ಕೊಟ್ಟಳು.

ಟೇಬಲ್ ಎದ್ದು ನಿಂತಿತು. ಸಾಲುಗಳು ಸರಸರನೆ ಮೇಲೇರಿದವು. ದೇವಾಪುರದ ಶಾಲೆಯ ಟೀಚರ್ ಯಶೋಧರಾ ಎಂಬವಳ ಬಗ್ಗೆ ಬಂದ ಸುದ್ದಿಯ ಕೆಳಗಿನ ಕಮೆಂಟುಗಳು. ಅವಳು ಯಾರೊಂದಿಗೆ ಮಲಗಿದಳು, ಎಷ್ಟು ಮಂದಿಯೊಂದಿಗೆ ಮಲಗಿದಳು. ಅವಳ ಕೇರಿಯ ಹೆಸರು ಹಿಡಿದು ಬೈಗುಳ. ಸಾವಿರಗಟ್ಟಲೆ. ಶಿವರಂಜನಿಗೆ ಹೇಸಿಗೆಯೆನಿಸಿತು. ಆದರೂ ಇದು ತನ್ನ ಕೆಲಸವಲ್ಲವೆಂದು ಮುಂದೆ ಸರಿದಳು. ಅಷ್ಟರಲ್ಲಿ ಎಡಗಣ್ಣಿಗೆ ಹರಳು ಬಿದ್ದಂತಾಯಿತು. ಉಜ್ಜಿದಳು. ಬೆರಳ ತುದಿಗೆ ಕರಿಮಣ್ಣು.

ಮರುದಿನ ಟೇಬಲ್ ಮತ್ತೆ ಕೆಟ್ಟಿತ್ತು. ಬುಟ್ಟಿ ಖಾಲಿಯಿತ್ತು. ಗೊಂಬೆ ಸರ್ವರಿನ ಹಿಂದೆ, ಮೊದಲಿದ್ದಲ್ಲೇ ಕೂತಿತ್ತು.

ಯಾರೋ ಆಟವಾಡುತ್ತಿದ್ದಾರೆಂದು ಅವಳಿಗೆ ಸಿಟ್ಟು ಬಂತು. ಹಟಕ್ಕೆ ಬಿದ್ದು ಹೊಸ ಡಿಸ್ಕ್ ತರಿಸಿದಳು. ಹಳೆಯ ಬ್ಯಾಕಪ್ಪಿನಿಂದ ಟೇಬಲ್ಲನ್ನು ಪೂರ್ತಿ ಹೊಸದಾಗಿ ಎಬ್ಬಿಸಲು ಆಜ್ಞೆ ಕೊಟ್ಟಳು. ಕೊನೆಯ ಸಾಲು ಬರುತ್ತಿದ್ದಂತೆ ಸರ್ವರಿನ ಫ್ಯಾನಿನ ಸದ್ದು ಬದಲಾಯಿತು. ನೀರಿನಲ್ಲಿ ಯಾರೋ ಉಸಿರಿಗಾಗಿ ಒದ್ದಾಡುವ ಸದ್ದು. ಕಾಲಡಿಯ ಕಲ್ಲಿನಿಂದ ಹೆಂಗಸಿನ ದನಿ ಬಂತು. "ನೀ ಕಂಡಿಯೇನು?"

ಎಡಗಣ್ಣು ಆರಿಹೋಯಿತು. ದೀಪ ಆರಿದ ಹಾಗೆ.

ಅವಳ ಚೀರಾಟಕ್ಕೆ ಓಡಿಬಂದವಳು ಆಮೀನಾ ಒಬ್ಬಳೇ. ಹಿತ್ತಲ ಕಟ್ಟೆಯ ಮೇಲೆ ಕೂರಿಸಿ, ನೀರು ಕುಡಿಸಿ, ಉಳಿದುದನ್ನು ಹೇಳಿದಳು. ಬಸವಲಿಂಗ ಕೇಳಿದ್ದಕ್ಕೆ ಯಶೋಧರಾ ಒಪ್ಪಿರಲಿಲ್ಲ. ಆ ಸೇಡಿಗೆ ಅವನು ಸುಳ್ಳು ಸುದ್ದಿ ಬರೆದ. ಊರಿನ ಮಂದಿ ಕೆಳಗೆ ತಮ್ಮದೂ ಸೇರಿಸಿದರು. ಹುಡುಗಿ ಕಾಲುವೆಗೆ ಹಾರಿದಳು. ಹೆಣ ತೆಗೆದ ದಿನ ತಾಯಿ ತಿಮ್ಮವ್ವ ಅದೇ ಕಾಲುವೆಯ ಮಣ್ಣನ್ನು ಉಡಿಯಲ್ಲಿ ಕಟ್ಟಿಕೊಂಡು ಇಲ್ಲಿಗೆ ಬಂದು, ಎದುರಾದವರನ್ನೆಲ್ಲ ಒಂದೇ ಮಾತು ಕೇಳಿದ್ದಳಂತೆ. ನೀ ಕಂಡಿಯೇನು?

ಶಿವರಂಜನಿ ಆ ಮಧ್ಯಾಹ್ನವೇ ದೇವಾಪುರಕ್ಕೆ ಹೋದಳು. ತಿಮ್ಮವ್ವ ಬಾಗಿಲಲ್ಲಿ ಕುಳಿತು ಹತ್ತಿ ಬಿಡಿಸುತ್ತಿದ್ದಳು. ಬಂದವಳ ಕಣ್ಣು ನೋಡಿದಳು.

"ಹೌದು, ಮಾಡಿಸೀನಿ," ಎಂದಳು. "ಠಾಣೇಕ ಹೋದ್ನಿ, ಕಚೇರಿಗಿ ಹೋದ್ನಿ. ಯಾರೂ ಕೇಳಲಿಲ್ಲ. ಮಣ್ಣು ಕೇಳ್ತು. ಆ ಮಾತು ಯಾವ ಕೈ ಮತ್ತ ಎಬ್ಬಸ್ತದೋ ಅದರ ಕಣ್ಣಾಗ ಈ ಮಣ್ಣು ಬೀಳ್ಲಿ ಅಂದ್ನಿ."

"ನಾನೇನು ಮಾಡೀನಿ ಯವ್ವಾ? ಮುರಿದದ್ದು ಜೋಡಿಸೀನಿ, ಅಷ್ಟ."

"ಏನು ಜೋಡಿಸಾಕತ್ತೀನಿ ಅಂತ ಓದಲಿಲ್ಲೇನು?"

ಶಿವರಂಜನಿ ತಲೆ ತಗ್ಗಿಸಿದಳು. ಓದಿದ್ದಳು.

"ಹೋದ ಕಣ್ಣು ಬರಂಗಿಲ್ಲ ಮಗಳ. ನನ್ನ ಕೂಸು ಬರ್ತಾಳೇನು?" ಮುದುಕಿಯ ಬೆರಳುಗಳು ಹತ್ತಿಕಾಯನ್ನು ಹಿಸುಕಿದವು. "ಮಾಟ ಅವಗ ಇಟ್ಟಿದ್ದು. ಅಂವ ಮಿಶೀನಿಗಿ ಕೈ ಹಚ್ಚವಲ್ಲ. ಮಂದಿ ಮಕ್ಕಳ ಕೈ ಮುಂದ ಮಾಡ್ತಾನ."

ವಾಡೆಗೆ ಮರಳಿದಾಗ ಬಸವಲಿಂಗ ಫೋನಿನಲ್ಲಿದ್ದ. "ಈ ಹುಡುಗಿ ಕೈಲಿ ಆಗವಲ್ದು. ನೀವು ಕಲಬುರಗಿಯಿಂದ ಇನ್ನೊಬ್ಬನ್ನ ಕಳಸ್ರಿ. ಆ ಟೀಚರ್ ಸುದ್ದಿ ಪುಟಾ ಇಲ್ಲಂದ್ರ ನಮ್ಮ ಸೈಟ್ ಯಾರು ನೋಡ್ತಾರ್ರಿ? ಕಣ್ಣಿನ ಮಾತು ಅವಗ ಹೇಳಬ್ಯಾಡ್ರಿ ಮತ್ತ."

ಕಂಬದ ಮರೆಯಲ್ಲಿ ನಿಂತ ಶಿವರಂಜನಿಯ ಮೈ ಬಿಸಿಯಾಯಿತು. ಇವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಅವಳು ಸದ್ದಿಲ್ಲದೆ ಹಿತ್ತಲ ಕೋಣೆಗೆ ಹೋದಳು. ಬ್ಯಾಕಪ್ಪಿನಿಂದ ಟೇಬಲ್ ಎಬ್ಬಿಸುವ ಆಜ್ಞೆಯನ್ನು ಮತ್ತೆ ಬರೆದಳು. ಅದು ಮಾಲೀಕನ ಪಾಸ್‌ವರ್ಡ್ ಕೇಳಿ ನಿಂತುಕೊಳ್ಳುವಂತೆ ಮಾಡಿದಳು. ಆಮೇಲೆ ಪಡಸಾಲೆಗೆ ಬಂದಳು.

"ಮುಗೀತ್ರಿ ಸಾವ್ಕಾರ್ರ. ನಿಮ್ಮ ಪಾಸ್‌ವರ್ಡ್ ಒಂದು ಬೇಕಾಗ್ಯಾದ. ನನಗ ಹೇಳಬ್ಯಾಡ್ರಿ, ನೀವ ಬಂದು ಹಾಕ್ರಿ."

ಅವನು ಅನುಮಾನದಿಂದ ನೋಡಿದ. "ಟೇಬಲ್ ಎದ್ದಾದೇನು?"

"ಎಬ್ಬಿಸೀನಿ. ನನ್ನ ಕಣ್ಣು ನೋಡ್ರಿ."

ಬಸವಲಿಂಗ ಮುಂದೆ ಬಾಗಿ ಅವಳ ಸತ್ತ ಕಣ್ಣನ್ನು ನೋಡಿದ. ಮಣ್ಣು ತುಂಬಿದ ಹಳ್ಳದ ನೀರಿನಂತೆ ಮಂಕಾಗಿತ್ತು. ಅವನ ಮುಖದ ಬಿಗಿ ಸಡಿಲವಾಯಿತು. ತೆರಬೇಕಾದದ್ದನ್ನು ಬೇರೆಯವರು ತೆತ್ತಾಗಿದೆಯೆಂಬ ಧೈರ್ಯ ಬಂತು.

"ಪಾಪ," ಎಂದು ಎದ್ದ.

ಹೊಸ್ತಿಲಲ್ಲಿ ಒಂದು ಗಳಿಗೆ ತಡೆದ. ಮೂಗಿಗೆ ದಸ್ತಿ ಹಿಡಿದುಕೊಂಡ. ಒಳಗೆ ಬಂದ. ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಶಿವರಂಜನಿ ಹಿಂದೆ ಸರಿದು ಗೋಡೆಗೆ ಮುಖ ಮಾಡಿದಳು.

ಅವನು ಕೊನೆಯ ಕೀಲಿ ಒತ್ತಿದ.

ದೀಪ ಹೋಯಿತು. ಸ್ಕ್ರೀನ್ ಮಾತ್ರ ಬೆಳಗುತ್ತಿತ್ತು. ಸಾಲುಗಳು ಏರಿದವು. ಸರಸರ. ಸರಸರ. ಕಲ್ಲು ಕದಲಿತು. ಹಗೇವಿನ ಬಾಯಿ ಉಸಿರೆಳೆಯಿತು. ಕೊಳೆತ ನೀರಿನ ನಾತ ಮುಖಕ್ಕೆ ಬಡಿಯಿತು. ಅತ್ತರು ಅಡಗಿಹೋಯಿತು.

"ಏನದು? ಯಾರದು?"

ತೊಟ್ಟಿಕ್ಕುವ ಸದ್ದು. ಹತ್ತಿರ. ಇನ್ನೂ ಹತ್ತಿರ.

"ಟೀಚರ... ಬ್ಯಾಡ... ನಾ ಕಂಡಿಲ್ಲ! ನಾ ಏನೂ ಕಂಡಿಲ್ಲ! ಸುಳ್ಳ ಬರದೀನಿ!"

ಒದ್ದೆ ಮಣ್ಣು ಗೋಡೆಗೆ ಎರಚಿದಂಥ ಸದ್ದು. ಒಂದು. ಮತ್ತೊಂದು. ಆಮೇಲೆ ಚೀರಾಟ. ಮನುಷ್ಯರದಲ್ಲದ ಚೀರಾಟ.

ಕರೆಂಟು ಬಂದಾಗ ಬಸವಲಿಂಗ ನೆಲದ ಮೇಲೆ ತಡಕಾಡುತ್ತಿದ್ದ. ಎರಡೂ ಕಣ್ಣಿನ ಕುಳಿ ತುಂಬ ಕರಿಮಣ್ಣು. ಅವನು ಉಗುರಿನಿಂದ ಬಗೆದಷ್ಟೂ ಒಳಗಿನಿಂದ ಇನ್ನಷ್ಟು ಬರುತ್ತಿತ್ತು.

ಶಿವರಂಜನಿ ಅವನನ್ನು ದಾಟಿ ಕುರ್ಚಿಗೆ ಕುಳಿತಳು. ಸುದ್ದಿಯನ್ನು ಅಳಿಸಿದಳು. ಟೇಬಲ್ ಅಳಿಸಿದಳು. ಬ್ಯಾಕಪ್ಪುಗಳನ್ನೆಲ್ಲ ಅಳಿಸಿ, ಡಿಸ್ಕುಗಳನ್ನು ಕಿತ್ತು ಹಾಸುಗಲ್ಲಿಗೆ ಬಡಿದು ಚೂರು ಮಾಡಿದಳು. ನೆಲದಿಂದ ಒಂದು ಕೈ ಅವಳ ಪಾದ ಹಿಡಿಯಿತು.

"ಯವ್ವಾ, ದವಾಖಾನೀಗಿ ಒಯ್ಯ... ಕಾಣವಲ್ದು..."

ಅವಳು ಪಾದ ಬಿಡಿಸಿಕೊಂಡಳು. ಹೊರಬಂದು ಬಾಗಿಲೆಳೆದುಕೊಂಡಳು.

ಯಾದಗಿರಿಯ ಬಸ್ಸು ಶಹಾಪುರ ದಾಟುವವರೆಗೂ ಆ ಕೂಗು ಕಿವಿಯಲ್ಲಿತ್ತು. ಇಳಿದು ಹಿಂದಿರುಗಲೇ ಎಂದು ಒಂದು ಸಲ ಅನಿಸಿತು. ಇಳಿಯಲಿಲ್ಲ. ಅರ್ಧ ಗದ್ದೆ, ಅರ್ಧ ಗುಡ್ಡ, ಅರ್ಧ ಆಕಾಶ ಕಿಟಕಿಯಲ್ಲಿ ಓಡುತ್ತಿದ್ದವು. ಆಗ ಅಳು ಉಕ್ಕಿತು. ಬಲಗಣ್ಣಿನಿಂದ ನೀರಿಳಿಯಿತು. ಎಡಗಣ್ಣಿನಿಂದ ಒಣ ಮಣ್ಣು ಮಡಿಲಿಗೆ ಉದುರತೊಡಗಿತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮಗುವನ್ನು ಎದೆಗೊತ್ತಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದಳು.